ಹೆಸರು ತವರಿನ ಪಟ್ಟಿಯಲ್ಲಿದೆ, ಓಟು ಗಂಡನ ಊರಲ್ಲಿ ಹಾಕಬೇಕು: ಏನು ಮಾಡಲಿ?

ಹಿರೇಕೆರೂರಿನ ಮಗಳು:
ಎಲ್ಲರಿಗೂ ನಮಸ್ಕಾರ. ನನ್ನ ತವರು ಹಿರೇಕೆರೂರು ಕಡೆ. ಮದುವೆಯಾಗಿ ಸಾಗರ ತಾಲ್ಲೂಕಿನ ಹಳ್ಳಿಗೆ ಬಂದು ಐದು ವರ್ಷವಾಯ್ತು. 2023ರ ಮೇ 10ಕ್ಕೆ ವಿಧಾನಸಭೆಗೆ ಓಟು ಹಾಕೋಣ ಅಂತ ನಮ್ಮವರ ಜೊತೆ ಇಲ್ಲಿನ ಶಾಲೆಗೆ ಹೋದರೆ, ಪಟ್ಟಿ ನೋಡಿ "ಹೆಸರಿಲ್ಲಮ್ಮ" ಅಂದರು. ಕಾರ್ಡ್ ಕೈಯಲ್ಲೇ ಇತ್ತು. ಅತ್ತೆ, ಮಾವ, ನಮ್ಮವರು ಮೂವರೂ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದರು. ನಾನು ಹಾಗೇ ವಾಪಸ್ ಬಂದೆ, ದಾರಿಯುದ್ದಕ್ಕೂ ಮಾತಾಡಲಿಲ್ಲ.

ಈಗ ಗ್ರಾಮ ಪಂಚಾಯಿತಿ ಚುನಾವಣೆಯ ಮಾತು ಶುರುವಾಗಿದೆ. ನಮ್ಮ ಕೇರಿಯ ನಲ್ಲಿ ನೀರು, ಚರಂಡಿ, ಬೀದಿ ದೀಪ ಎಲ್ಲಾ ಅವರ ಕೈಯಲ್ಲೇ ಇರೋದು. ಈ ಸಲ ಬಿಡಬಾರದು ಅಂತಿದ್ದೀನಿ. ಸೈಬರ್ ಅಂಗಡಿಯವರು ಹೊಸದಾಗಿ ಫಾರಂ 6 ಹಾಕಿ ಅಂತಾರೆ. ಹಾಕಲಾ? ಪಂಚಾಯಿತಿಗೆ ಕಾರ್ಡ್ ಬೇರೆ ಮಾಡಿಸಬೇಕಾ?

ನಿವೃತ್ತ ಮೇಷ್ಟ್ರು, ಹಾಸನ:
ಫಾರಂ 6 ಹಾಕಬೇಡಿ ತಾಯಿ. ಅದು ಮೊದಲ ಸಲ ಹೆಸರು ಸೇರಿಸುವವರಿಗೆ. ನೀವು ತುಂಬಬೇಕಾದ್ದು ಫಾರಂ 8. ವಾಸ ಬದಲಾದವರಿಗೆ, ತಿದ್ದುಪಡಿಗೆ, ಕಾರ್ಡ್ ಕಳೆದುಕೊಂಡವರಿಗೆ ಈಗ ಅದೊಂದೇ ಫಾರಂ. ಫಾರಂ 6 ಹಾಕಿದರೆ ಎರಡು ಊರಲ್ಲೂ ನಿಮ್ಮ ಹೆಸರು ಉಳಿಯಬಹುದು. ಬೇರೆ ಕಡೆ ಹೆಸರಿದೆ ಎಂದು ಗೊತ್ತಿದ್ದೂ ಇಲ್ಲವೆಂದು ಸುಳ್ಳು ಬರೆದುಕೊಟ್ಟರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು ಇದೆ.

ನಾನು ಪಾಠ ಮಾಡುತ್ತಲೇ ಹನ್ನೊಂದು ವರ್ಷ ಬಿಎಲ್‌ಒ (ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿ) ಕೆಲಸ ಮಾಡಿದವನು. ಮತದಾನದ ದಿನ ಒಬ್ಬ ಅಜ್ಜಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಮಗಳ ಮನೆಯಲ್ಲಿ ಕೆಲವು ತಿಂಗಳಿದ್ದಾಗ "ಊರು ಬಿಟ್ಟಿದ್ದಾರೆ" ಎಂದು ಹೆಸರು ತೆಗೆದುಹೋಗಿತ್ತು. ಆ ದಿನ ಯಾರಿಂದಲೂ ಏನೂ ಮಾಡಲಾಗುವುದಿಲ್ಲ, ನಾಮಪತ್ರದ ಕೊನೆಯ ದಿನದ ನಂತರ ಪಟ್ಟಿ ಮುಟ್ಟುವಂತಿಲ್ಲ. ಅಜ್ಜಿ ಶಾಲೆಯ ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಇವತ್ತಿಗೂ ಮರೆತಿಲ್ಲ. ಓಟು ಇರುವುದು ಪಟ್ಟಿಯಲ್ಲಿ, ಕಾರ್ಡಿನಲ್ಲಲ್ಲ. ಪಟ್ಟಿಯಲ್ಲಿದ್ದರೆ ಆಧಾರ್, ನರೇಗಾ ಜಾಬ್ ಕಾರ್ಡ್ ತೋರಿಸಿಯೂ ಓಟು ಹಾಕಬಹುದು.

ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ; ವಿಧಾನಸಭೆ, ಲೋಕಸಭೆಯದು ಭಾರತ ಚುನಾವಣಾ ಆಯೋಗ. ಆದರೆ ಪಂಚಾಯಿತಿಗೆ ವಾರ್ಡ್‌ವಾರು ಪಟ್ಟಿ ಮಾಡುವುದು ವಿಧಾನಸಭೆಯ ಪಟ್ಟಿಯಿಂದಲೇ. ಹಾಗಾಗಿ ಮೊದಲು ಅದರಲ್ಲಿ ಸಾಗರಕ್ಕೆ ಬನ್ನಿ. ಕಾರ್ಡ್ ಬೇರೆ ಬೇಡ. ವಿಳಾಸಕ್ಕೆ ನಿಮ್ಮ ದಾಖಲೆ ಇಲ್ಲದಿದ್ದರೆ, ಅಲ್ಲೇ ಮತದಾರರಾಗಿರುವ ಯಜಮಾನರದ್ದು ಕೊಡಿ. ಆಮೇಲೆ ಕರಡು ಪಟ್ಟಿ ಬಂದ ದಿನವೇ ಪಂಚಾಯಿತಿ ಕಚೇರಿಗೆ ಹೋಗಿ ನೋಡಿ. ಪಕ್ಕದ ವಾರ್ಡಿಗೆ ಹೆಸರು ಹಾರಿಹೋಗುವುದು ಬಹಳ ಸಾಮಾನ್ಯ, ಆಕ್ಷೇಪಣೆಗೆ ಸಿಗುವ ದಿನಗಳು ಕಡಿಮೆ.

ಬಾಡಿಗೆ ಮನೆಯವಳು, ಬೆಂಗಳೂರು:
ನಾನು ಮನೆ ಬದಲಿಸಿದಾಗ ವೋಟರ್ ಹೆಲ್ಪ್‌ಲೈನ್ ಆ್ಯಪ್‌ನಲ್ಲೇ ಫಾರಂ 8 ಹಾಕಿದೆ. ರೆಫರೆನ್ಸ್ ನಂಬರ್ ಬರುತ್ತೆ, ಅದನ್ನು ಬರೆದಿಟ್ಟುಕೊಳ್ಳಿ. ನಮ್ಮ ಬಿಎಲ್‌ಒ ವಿಳಾಸ ನೋಡೋಕೆ ಮನೆಗೆ ಬಂದಾಗ ನಾನು ಆಫೀಸಲ್ಲಿದ್ದೆ, ನಾನು ಇಲ್ಲೇ ಇರೋದು ಅಂತ ಪಕ್ಕದ ಮನೆಯವರು ಹೇಳಿದ್ದರಿಂದ ಬಚಾವಾದೆ. ಅತ್ತೆಗೆ ಮೊದಲೇ ಹೇಳಿಡಿ. ಆ್ಯಪ್ ಆಗದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ.

ಬೀದರಿನವ:
ಇನ್ನೊಂದು ಮಾತು ರೀ. ಪಂಚಾಯಿತಿಯಾಗ ಒಂದು ವಾರ್ಡಿಗೆ ಎರಡು ಮೂರು ಸೀಟು ಇರಬಹುದು. ಎಷ್ಟು ಸೀಟೋ ಅಷ್ಟು ಓಟು ನಿಮ್ಮದು, ಒಬ್ಬರಿಗೆ ಒಂದೇ. ಅದಕ್ಕಿಂತ ಜಾಸ್ತಿ ಗುರುತು ಹಾಕಿದ್ರ ಬ್ಯಾಲೆಟ್ ಪೇಪರ್ ತಿರಸ್ಕಾರ ಆಗತದ. ಮೀಸಲು ಸೀಟಿಗೂ ಎಲ್ಲಾರೂ ಓಟು ಹಾಕಬಹುದು, ಹೆಣ್ಣುಮಕ್ಕಳ ಸೀಟಿಗೆ ಹೆಣ್ಣುಮಕ್ಕಳೇ ಹಾಕಬೇಕಂತ ಇಲ್ಲ. 2020ರ ಡಿಸೆಂಬರದಾಗ ನಮ್ಮ ಜಿಲ್ಲೆಯಾಗ ಮಷೀನ್ ಇತ್ತು, ನಿಮ್ಮ ಕಡೆ ಪೇಪರ್ ಇತ್ತು.

ಹಿರೇಕೆರೂರಿನ ಮಗಳು:
ಮೇಷ್ಟ್ರೇ, ರಾತ್ರಿಯೇ ಫಾರಂ 8 ಹಾಕಿದೆ, ನಮ್ಮವರ ದಾಖಲೆ ಕೊಟ್ಟು. ನಂಬರನ್ನು ಅಡುಗೆಮನೆ ಕ್ಯಾಲೆಂಡರಿನ ಮೇಲೆ ಬರೆದಿದ್ದೀನಿ. ಬಿಎಲ್‌ಒ ಬಂದರೆ ತೋಟದಿಂದ ಕೂಗಿ ಕರೀತೀನಿ ಅಂತ ಅತ್ತೆ ಹೇಳಿದ್ದಾರೆ. ಆ ಅಜ್ಜಿಗೆ ಆಮೇಲೆ ಹೆಸರು ಸೇರಿತಾ?

ನಿವೃತ್ತ ಮೇಷ್ಟ್ರು, ಹಾಸನ:
ಸೇರಿತು ತಾಯಿ. ಮುಂದಿನ ವಾರವೇ ಅವರ ಮನೆಗೆ ಹೋಗಿ ನಾನೇ ಫಾರಂ ತುಂಬಿಸಿ, ಹೆಬ್ಬೆಟ್ಟು ಹಾಕಿಸಿಕೊಂಡು ಬಂದೆ. ಅದರ ಮುಂದಿನ ಚುನಾವಣೆಯಲ್ಲಿ ಬೆಳಿಗ್ಗೆ ಏಳಕ್ಕೇ ಬಂದು ಸಾಲಿನಲ್ಲಿ ಮೊದಲಿಗೆ ನಿಂತಿದ್ದರು.