ಪಾಸ್‌ಪೋರ್ಟ್ ಮುಗಿಯೋಕೆ 5 ತಿಂಗಳಿದೆ, ಹೋಗ್ಬಹುದಾ? ಈ 6 ತಿಂಗಳ ರೂಲ್ ಯಾವ ದಿನದಿಂದ ಲೆಕ್ಕ?

ಅರ್ಧದಾರಿ:
ಎಲ್ರಿಗೂ ನಮಸ್ಕಾರ, ಗೊತ್ತಿರೋರು ಸ್ವಲ್ಪ ಹೇಳಿ, ಒಬ್ಬೊಬ್ರು ಒಂದೊಂದು ಹೇಳಿ ತಲೆ ಕೆಟ್ಟಿದೆ. ಜೂನ್ 2ಕ್ಕೆ ಪ್ಯಾರಿಸ್‌ಗೆ ಹೋಗಿ ಇಳಿಯೋದು, ಅಲ್ಲಿಂದ ರೋಮ್, ಜೂನ್ 16ಕ್ಕೆ ರೋಮ್‌ನಿಂದ ಹೊರಟು ಬರ್ತಾ ಸಿಂಗಾಪುರದಲ್ಲಿ ಮೂರು ದಿನ ಇದ್ದು ಬರೋಣ ಅಂತ ಪ್ಲಾನು. ನನ್ನ ಪಾಸ್‌ಪೋರ್ಟ್ ಅದೇ ವರ್ಷ ನವೆಂಬರ್ 20ಕ್ಕೆ ಎಕ್ಸ್‌ಪೈರ್ ಆಗತ್ತೆ, ಮನೆಯವರದ್ದು ಇನ್ನೂ ವರ್ಷಗಟ್ಟಲೆ ಇದೆ, ಅದಕ್ಕೇನೂ ತೊಂದ್ರೆ ಇಲ್ಲ. ಏಜೆಂಟ್ ಕೇಳಿದ್ರೆ "ಡೇಟ್ ಇದೆಯಲ್ಲ ಸಾರ್, ಏನೂ ಆಗಲ್ಲ" ಅಂತಾರೆ, ಆಫೀಸಲ್ಲಿ ಒಬ್ರು "6 ತಿಂಗಳು ಇಲ್ದಿದ್ರೆ ಯಾವ ದೇಶಕ್ಕೂ ಬಿಡಲ್ಲ, ಏರ್‌ಪೋರ್ಟಿಂದಾನೇ ವಾಪಸ್" ಅಂತ ಹೆದರಿಸ್ತಾರೆ, ನೆಟ್ಟಲ್ಲಿ ನೋಡಿದ್ರೆ ಒಂದ್ಕಡೆ 3 ತಿಂಗಳು ಇನ್ನೊಂದ್ಕಡೆ 6. ಇದ್ರಲ್ಲಿ ಯಾವುದು ಸರಿ? ವೀಸಾಗೆ ಇನ್ನೂ ಹಾಕಿಲ್ಲ. ರಿನ್ಯೂ ಮಾಡಿಸ್ಲೇಬೇಕಾ?

ಹಳೇಬ್ಯಾಗು:
ನಿಮ್ಮ ಆಫೀಸಿನವ್ರೂ ಪೂರ್ತಿ ಸರಿ ಇಲ್ಲ, ಏಜೆಂಟೂ ಸರಿ ಇಲ್ಲ. ಎಲ್ಲಾ ದೇಶಕ್ಕೂ ಒಂದೇ 6 ತಿಂಗಳ ರೂಲ್ ಅನ್ನೋದು ಇಲ್ವೇ ಇಲ್ಲ, ಆಯಾ ದೇಶ ತಂತಮ್ಮ ರೂಲ್ ಇಟ್ಕೊಂಡಿದೆ, ಅಷ್ಟೇ ಅಲ್ಲ ಯಾವ ದಿನದಿಂದ ಎಣಿಸ್ಬೇಕು ಅನ್ನೋದೂ ಬೇರೆ ಬೇರೆ.

ಫ್ರಾನ್ಸ್, ಇಟಲಿ ಎರಡೂ ಶೆಂಗೆನ್, ಅಂದ್ರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪು. ಅಲ್ಲಿ ನೀವು ಶೆಂಗೆನ್ ಪ್ರದೇಶ ಬಿಟ್ಟು ಹೊರಡೋ ದಿನದಿಂದ ಮುಂದಕ್ಕೆ ಕನಿಷ್ಠ 3 ತಿಂಗಳು ಪಾಸ್‌ಪೋರ್ಟ್ ಇರ್ಬೇಕು. ಜೂನ್ 16ಕ್ಕೆ ಹೊರಟ್ರೆ ಸೆಪ್ಟೆಂಬರ್ 16, ನಿಮ್ಮದು ನವೆಂಬರ್ ತನಕ ಇದೆ, ಸೋ ಯುರೋಪಿಗೆ ಧಾರಾಳ ಸಾಕು. ಜೊತೆಗೆ ಇನ್ನೊಂದು ಷರತ್ತಿದೆ, ಜಾಸ್ತಿ ಜನ ಗಮನಿಸಲ್ಲ, ಪಾಸ್‌ಪೋರ್ಟ್ ಕೊಟ್ಟು 10 ವರ್ಷ ದಾಟಿರ್ಬಾರ್ದು. ಬ್ರಿಟನ್ನಿನವರು ಇದ್ರಲ್ಲೇ ಸಿಕ್ಕಿಹಾಕ್ಕೊಳ್ತಿದ್ದಿದ್ದು, 2018ರ ಸೆಪ್ಟೆಂಬರ್ ತನಕ ಅಲ್ಲಿ ರಿನ್ಯೂ ಮಾಡಿಸಿದ್ರೆ ಹಳೇ ಪಾಸ್‌ಪೋರ್ಟಲ್ಲಿ ಉಳಿದ ತಿಂಗಳುಗಳನ್ನ, 9 ತಿಂಗಳವರೆಗೂ, ಹೊಸದಕ್ಕೆ ಸೇರಿಸಿ ಕೊಡ್ತಿದ್ರು, ಪುಸ್ತಕದ ಮೇಲೆ ಡೇಟ್ ಇನ್ನೂ ಇರತ್ತೆ ಆದ್ರೆ ಶೆಂಗೆನ್ ಲೆಕ್ಕಕ್ಕೆ 10 ವರ್ಷ ಆಗೋಗಿರತ್ತೆ. ನಿಮ್ಮದು ಸರಿಯಾಗಿ 10 ವರ್ಷದ್ದಾದ್ರೆ ಈ ತಲೆನೋವಿಲ್ಲ.

ಕೊಕ್ಕೆ ಇರೋದು ಸಿಂಗಾಪುರದಲ್ಲಿ. ಅಲ್ಲಿಗೆ ಒಳಗೆ ಹೋಗೋ ಹೊತ್ತಿಗೆ 6 ತಿಂಗಳು ಬಾಕಿ ಇರ್ಬೇಕು. ಜೂನ್ 17ಕ್ಕೆ ಇಳಿದ್ರೂ ಡಿಸೆಂಬರ್ 17ರವರೆಗೆ ಬೇಕು, ನಿಮ್ಮದು ನವೆಂಬರ್ 20ಕ್ಕೇ ಮುಗೀತು. ಹೋಗೋವಾಗ ಏನೂ ಆಗಲ್ಲ, ಯುರೋಪ್ ಎಲ್ಲಾ ಸುತ್ತಿ ಮುಗಿಸಿ ಬರೋವಾಗ ರೋಮ್‌ನ ಚೆಕ್-ಇನ್ ಕೌಂಟರಲ್ಲಿ ನಿಲ್ಲಿಸ್ತಾರೆ. ಊರಿಗೆ ಹೊರಟಿರೋ ಹೊತ್ತಲ್ಲಿ ಈ ತಾಪತ್ರಯ ಬೇಕಾ?

ನಿಧಾನಿ:
ರಿನ್ಯೂ ಮಾಡಿಸೋದು ಅಂತ ಯಾಕೆ ಅವಸರ? ಸಿಂಗಾಪುರದಲ್ಲಿ ಉಳ್ಕೊಳ್ಳೋದು ಬಿಟ್ಟು ಬರೀ ಟ್ರಾನ್ಸಿಟ್ ಮಾಡಿದ್ರೆ ಮುಗೀತಲ್ಲ, ಇಮಿಗ್ರೇಷನ್ ದಾಟದೆ ಒಳಗೇ ಫ್ಲೈಟ್ ಬದಲಾಯಿಸಿದ್ರೆ ಆ ದೇಶಕ್ಕೆ ಎಂಟ್ರಿ ಆದಂಗೇ ಅಲ್ಲ.

ಹಳೇಬ್ಯಾಗು:
@ನಿಧಾನಿ ಅದು ಎರಡೂ ಫ್ಲೈಟ್ ಒಂದೇ ಟಿಕೆಟಲ್ಲಿದ್ದು ಬ್ಯಾಗೇಜು ಕೊನೇತನಕ ಚೆಕ್ ಆಗಿದ್ರೆ ಮಾತ್ರ. ಕಮ್ಮಿಗೆ ಸಿಕ್ತು ಅಂತ ಬೇರೆ ಬೇರೆ ಟಿಕೆಟ್ ತಗೊಂಡಿದ್ರೆ ಬ್ಯಾಗ್ ತಗೊಳ್ಳೋಕೆ ಹೊರಗೆ ಬರ್ಬೇಕಾಗಬಹುದು, ಹೊರಗೆ ಬರೋದು ಅಂದ್ರೇ ಎಂಟ್ರಿ, ಅಲ್ಲಿಗೆ 6 ತಿಂಗಳು ಮತ್ತೆ ಎದುರಿಗೆ ಬಂತು.

ಇನ್ನೊಂದು, ಮೊದಲು ನಿಮ್ಮನ್ನ ತಡೆಯೋದು ಆ ದೇಶದ ಇಮಿಗ್ರೇಷನ್ ಅಲ್ಲ, ಏರ್‌ಲೈನ್ ಕೌಂಟರ್. ದಾಖಲೆ ಸರಿ ಇಲ್ದಿರೋರನ್ನ ಕರ್ಕೊಂಡು ಬಂದ್ರೆ ಏರ್‌ಲೈನಿಗೇ ದಂಡ ಹಾಕೋ ದೇಶಗಳಿವೆ, ವಾಪಸ್ ಕರ್ಕೊಂಡು ಹೋಗೋ ಜವಾಬ್ದಾರೀನೂ ಅವರ ತಲೆ ಮೇಲೇ ಬರತ್ತೆ. ಅದಕ್ಕೇ ಕೌಂಟರಲ್ಲಿರೋರು ರಿಸ್ಕ್ ತಗೊಳ್ಳಲ್ಲ. ಅವರ ಮುಂದಿರೋ ಸಿಸ್ಟಮಲ್ಲಿ ಟಿಮ್ಯಾಟಿಕ್ ಅಂತ ಐಎಟಿಎ (ಏರ್‌ಲೈನ್‌ಗಳ ಅಂತಾರಾಷ್ಟ್ರೀಯ ಸಂಘ) ನಡೆಸೋ, ಯಾವ ದೇಶಕ್ಕೆ ಯಾವ ದಾಖಲೆ ಬೇಕು ಅನ್ನೋ ಡೇಟಾಬೇಸ್ ಇರತ್ತೆ, ಅದ್ರಲ್ಲಿ ಏನು ಬರತ್ತೋ ಅದೇ ಅವರಿಗೆ ವೇದವಾಕ್ಯ. "ನನ್ ಫ್ರೆಂಡ್ ಹೋದ ವರ್ಷ ಹಂಗೇ ಹೋಗಿದ್ದ" ಅನ್ನೋದೆಲ್ಲ ಅಲ್ಲಿ ನಡಿಯಲ್ಲ. ಎಷ್ಟೋ ಏರ್‌ಲೈನ್‌ಗಳ ಸೈಟಲ್ಲಿ ನಿಮ್ಮ ದೇಶ, ಹೋಗೋ ದೇಶ, ಮಧ್ಯೆ ಇಳಿಯೋ ಜಾಗ ಹಾಕಿ ನೋಡೋ ವ್ಯವಸ್ಥೆ ಇದೆ, ಅದನ್ನೂ ಆಯಾ ದೇಶದ ಇಮಿಗ್ರೇಷನ್ ಸೈಟನ್ನೂ ಎರಡೂ ನೋಡ್ಕೊಳ್ಳಿ.

ಖಾಲಿಪುಟ:
ಮಧ್ಯೆ ಬಾಯಿ ಹಾಕ್ತಿದೀನಿ ಸಾರಿ, ಅಮೆರಿಕಕ್ಕೂ ಇದೇ ಥರಾನಾ? ನಮ್ಮ ತಾಯಿಯವರ ಪಾಸ್‌ಪೋರ್ಟ್ ರಿನ್ಯೂ ಆಗಿದೆ, ವೀಸಾ ಮಾತ್ರ ಹಳೇದ್ರಲ್ಲೇ ಇದೆ.

ಮರಳಿಬಂದೆ:
@ಖಾಲಿಪುಟ ವೀಸಾ ಅವಧಿ ಮುಗಿದಿಲ್ಲ ಅಂದ್ರೆ, ಸ್ಟಿಕ್ಕರ್ ಹಾಳಾಗಿಲ್ಲ ಅಂದ್ರೆ ಎರಡೂ ಪಾಸ್‌ಪೋರ್ಟ್ ಜೊತೇಲಿ ತಗೊಂಡು ಹೋಗ್ಲಿ, ನಡಿಯತ್ತೆ. ಹಳೇದ್ರಿಂದ ಆ ವೀಸಾ ಕಿತ್ತು ಹೊಸದಕ್ಕೆ ಅಂಟಿಸೋಕೆ ಮಾತ್ರ ಹೋಗ್ಬೇಡಿ, ಹಂಗೆ ಮಾಡಿದ್ರೆ ವೀಸಾನೇ ಅಸಿಂಧು.

ಅಲ್ಲೂ 6 ತಿಂಗಳ ರೂಲ್ ಇದೆ, ಉಳ್ಕೊಳ್ಳೋ ಅವಧಿ ಮುಗಿದ ಮೇಲೆ ಇನ್ನೂ 6 ತಿಂಗಳು ಅಂತ. ಆದ್ರೆ ಕೆಲವು ದೇಶಗಳಿಗೆ ವಿನಾಯಿತಿ ಕೊಟ್ಟಿದ್ದಾರೆ, ಭಾರತದ ಹೆಸರೂ ಆ ಪಟ್ಟೀಲಿದೆ, ಅಂಥೋರಿಗೆ ಉಳ್ಕೊಳ್ಳೋ ಅಷ್ಟು ದಿನ ಇದ್ರೆ ಸಾಕು. ಹಂಗಂತ ನಿಶ್ಚಿಂತೆಯಾಗಿ ಕೂರೋ ಹಾಗಿಲ್ಲ, ಇಳಿದಾಗ ಕೊಡೋ ಐ-94 ಅನ್ನ, ಅಂದ್ರೆ ಎಲ್ಲಿವರೆಗೆ ಅಲ್ಲಿರ್ಬಹುದು ಅನ್ನೋ ದಾಖಲೇನ, ಕೆಲವು ಸಲ ಪಾಸ್‌ಪೋರ್ಟ್ ಮುಗಿಯೋ ದಿನಕ್ಕೇ ನಿಲ್ಲಿಸ್ತಾರೆ, ವೀಸಾ ಇನ್ನೂ ಇದ್ರೂ ಸಹ. ಕೆಲಸಕ್ಕೆ ಅಂತ ಹೋಗೋರು ಇದನ್ನ ನೋಡ್ದೆ ಬಿಟ್ರೆ ಆಮೇಲೆ ತುಂಬಾ ಕಷ್ಟ. ಆಸ್ಟ್ರೇಲಿಯಾದ್ದು ಇನ್ನೊಂದು ಕಥೆ, ಅಲ್ಲಿ ವೀಸಾ ಸ್ಟಿಕ್ಕರೇ ಇಲ್ಲ, ಪಾಸ್‌ಪೋರ್ಟ್ ನಂಬರಿಗೆ ಕಂಪ್ಯೂಟರಲ್ಲಿ ಜೋಡಿಸಿರ್ತಾರೆ, ಪಾಸ್‌ಪೋರ್ಟ್ ಬದಲಾದ್ರೆ ಹೊಸ ನಂಬರ್ ಅಪ್‌ಡೇಟ್ ಮಾಡ್ಲೇಬೇಕು.

ಅರ್ಧದಾರಿ:
ಎಲ್ರಿಗೂ ಥ್ಯಾಂಕ್ಸ್, ಸಿಂಗಾಪುರದ್ದು ನಂಗೆ ಹೊಳೆದೇ ಇರ್ಲಿಲ್ಲ, ಯುರೋಪ್ ಒಂದನ್ನೇ ಹುಡುಕ್ತಾ ಕೂತಿದ್ದೆ. ಮಧ್ಯೆ ಎರಡು ದಿನ ಲಂಡನ್ ಸೇರಿಸೋಣ ಅಂತ ಮನೇಲಿ ಹೇಳ್ತಿದಾರೆ, ಅದು ಸೇರಿಸಿದ್ರೆ ಲೆಕ್ಕ ಬದಲಾಗತ್ತಾ?

ಮರಳಿಬಂದೆ:
ಬ್ರಿಟನ್ ಶೆಂಗೆನ್ ಅಲ್ಲ, ಅಲ್ಲಿರೋ ಅಷ್ಟೂ ದಿನ ಪಾಸ್‌ಪೋರ್ಟ್ ಜೀವಂತ ಇದ್ರೆ ಸಾಕು, ಅದಕ್ಕೆ ವೀಸಾ ಮಾತ್ರ ಬೇರೇನೇ. ಲಂಡನ್ನಿಂದ ಮತ್ತೆ ರೋಮ್‌ಗೆ ಬರೋದಾದ್ರೆ ಶೆಂಗೆನ್ನಿಗೆ ಎರಡನೇ ಸಲ ಒಳಗೆ ಬಂದ ಹಾಗಾಗತ್ತೆ, ಸೋ ಮಲ್ಟಿಪಲ್ ಎಂಟ್ರಿ ವೀಸಾ ಕೇಳಿ, 3 ತಿಂಗಳನ್ನ ಕೊನೇ ಸಲ ಹೊರಗೆ ಹೋಗೋ ದಿನದಿಂದ ಎಣಿಸಿ. ನನ್ ಕೇಳಿದ್ರೆ ಈಗ್ಲೇ ರಿನ್ಯೂ ಮಾಡಿಸಿಬಿಡಿ. ವೀಸಾ ಇನ್ನೂ ಹಾಕಿಲ್ಲ ಅಂತೀರಲ್ಲ, ಅದೇ ನಿಮ್ಮ ಅದೃಷ್ಟ, ಹೊಸ ಪಾಸ್‌ಪೋರ್ಟ್ ಮೇಲೇ ಎಲ್ಲಾ ವೀಸಾನೂ ಹಾಕ್ಬಹುದು. ಶೆಂಗೆನ್ನಿಗೆ ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ತಗೊಳ್ತಾರೆ, ತೀರಾ ತಡ ಅಂದ್ರೆ 15 ದಿನ ಮುಂಚೆ, ಅಲ್ಲಿವರೆಗೆ ಎಳೆಯೋಕೆ ಹೋಗ್ಬೇಡಿ. ಟಿಕೆಟಲ್ಲಿ ಹಳೇ ನಂಬರ್ ಕೊಟ್ಟಿದ್ರೆ ಏರ್‌ಲೈನ್ ಸೈಟಲ್ಲಿ ಬದಲಾಯಿಸ್ಕೊಳ್ಳಿ.

ನಿಧಾನಿ:
ಸರಿ ಬಿಡಿ, ಮೂರು ದೇಶದ ವೀಸಾ ಅಂದ್ಮೇಲೆ ರಿನ್ಯೂ ಮಾಡಿಸೋದೇ ವಾಸಿ, ಒಪ್ಕೊಂಡೆ. ಮಕ್ಕಳು ಜೊತೇಲಿ ಬರ್ತಿದ್ರೆ ಅವರದ್ದೂ ತೆಗೆದು ನೋಡಿ, ದೊಡ್ಡೋರಷ್ಟು ವರ್ಷ ಮಕ್ಕಳ ಪಾಸ್‌ಪೋರ್ಟಿಗೆ ಕೊಡಲ್ಲ, ನಮ್ಮದು ಇದೆಯಲ್ಲ ಅಂತ ಅವರದ್ದು ಯಾರೂ ನೋಡಿರಲ್ಲ.

ಖಾಲಿಪುಟ:
@ಮರಳಿಬಂದೆ ತುಂಬಾ ಉಪಕಾರ ಆಯ್ತು. ಖಾಲಿ ಪುಟದ ಬಗ್ಗೆ ಯಾರೂ ಹೇಳಿಲ್ವಲ್ಲ, ಅದೂ ಒಂದು ರೂಲೇ, ಶೆಂಗೆನ್ ವೀಸಾಗೆ ಪಾಸ್‌ಪೋರ್ಟಲ್ಲಿ ಕನಿಷ್ಠ 2 ಖಾಲಿ ಪುಟ ಕೇಳ್ತಾರೆ.