ನಾದದೆ ಮಾಡುವ ಬ್ರೆಡ್: ಬೆಳಗಾಗುವಷ್ಟರಲ್ಲಿ ಹಿಟ್ಟು ಕುಸಿದಿರುತ್ತದೆ, ಏನು ಮಾಡಲಿ?

ಕಾರವಾರದಿಂದ:
ಡಚ್ ಓವನ್ (ಮುಚ್ಚಳವಿರುವ ದಪ್ಪ ಪಾತ್ರೆ) ಬ್ರೆಡ್ ಸರಿಯಾಗಿ ಬರುತ್ತಲೇ ಇಲ್ಲ, ಗೊತ್ತಿದ್ದವರು ದಯವಿಟ್ಟು ಹೇಳಿ. ಮೈದಾ 400 ಗ್ರಾಂ, ನೀರು 300 ಗ್ರಾಂ, ಉಪ್ಪು 8 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ ಕಾಲು ಟೀ ಚಮಚ. ರಾತ್ರಿ ಊಟ ಆದಮೇಲೆ ಕಲಸಿ ಮುಚ್ಚಿಡುತ್ತೇನೆ. ರೆಸಿಪಿಯಲ್ಲಿ 18 ಗಂಟೆ ಅಂತ ಇದೆ, ಆದರೆ ಬೆಳಿಗ್ಗೆ ಎದ್ದು ನೋಡಿದರೆ ಹಿಟ್ಟು ಉಬ್ಬಿ ಇಳಿದು ನಡುವೆ ಗುಳಿ ಬಿದ್ದಿರುತ್ತದೆ, ಅಂಚಿನಲ್ಲಿ ನೀರು ಬಿಟ್ಟಿರುತ್ತದೆ, ಹುಳಿ ವಾಸನೆ ಬೇರೆ. ಉಂಡೆ ಕಟ್ಟಲು ಹೋದರೆ ನಿಲ್ಲುವುದಿಲ್ಲ, ಅರ್ಧ ಬಟ್ಟೆಗೇ ಅಂಟಿಕೊಳ್ಳುತ್ತದೆ. ಬೇಯಿಸಿದರೆ ಚಪ್ಪಟೆ, ಒಳಗೆ ಜಿಗುಟು. ಯೀಸ್ಟ್ ಹಾಳಾಗಿದೆಯಾ?

ಶಿರಸಿಯಿಂದ:
ಯೀಸ್ಟ್ ಚೆನ್ನಾಗಿಯೇ ಇದೆ ಅಕ್ಕಾ. ಉಬ್ಬಿ ಇಳಿದಿದೆ ಅಂದರೆ ಅದರ ಕೆಲಸ ಯಾವಾಗಲೋ ಮುಗಿದಿದೆ. ತೊಂದರೆ ಇರುವುದು ಆ 18 ಗಂಟೆಯಲ್ಲಿ.

ಇದು ನ್ಯೂಯಾರ್ಕಿನ ಬೇಕರಿಯವರಾದ ಜಿಮ್ ಲೇಹಿ ಅವರ ವಿಧಾನ. 2006ರಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಬಂದಮೇಲೆ ಎಲ್ಲ ಕಡೆ ಹಬ್ಬಿತು. 12ರಿಂದ 18 ಗಂಟೆ ಅನ್ನುವ ಲೆಕ್ಕ ಸುಮಾರು 21 ಡಿಗ್ರಿಯ ಕೋಣೆಗೆ. ಈಗಿನ ಸೆಖೆಯಲ್ಲಿ ನಿಮ್ಮ ಅಡುಗೆಮನೆ ರಾತ್ರಿಯೂ 28, 30 ಡಿಗ್ರಿ ಇರುತ್ತದೆ, ಅಲ್ವಾ? ಅಷ್ಟು ಬಿಸಿಗೆ ಯೀಸ್ಟ್ ಹೆಚ್ಚುಕಡಿಮೆ ಎರಡು ಪಟ್ಟು ಜೋರಾಗಿ ಕೆಲಸ ಮಾಡುತ್ತದೆ. ಡಿಸೆಂಬರ್‌ನಲ್ಲಿ ಬೆಳಗಾದರೂ ಏಳದ ದೋಸೆ ಹಿಟ್ಟು ಮೇ ತಿಂಗಳಲ್ಲಿ ರಾತ್ರಿಯೇ ಉಕ್ಕಿ ಚೆಲ್ಲುವುದಿಲ್ಲವೇ, ಹಾಗೆಯೇ ಇದೂ.

ನಾದದಿದ್ದರೂ ಹಿಟ್ಟಿಗೆ ಎಳೆತ ಬರುವುದು ನೀರು ಕುಡಿದು ಸುಮ್ನೆ ಕೂತಿರುವುದರಿಂದ. ಹೊತ್ತು ಮೀರಿದರೆ ಹುಳಿ ಜಾಸ್ತಿಯಾಗಿ, ಹಿಟ್ಟಿನಲ್ಲೇ ಇರುವ ಕಿಣ್ವಗಳೂ ಸೇರಿ, ಆ ಎಳೆತ ಕೊಡುವ ಗ್ಲುಟನ್ ಎಳೆಗಳು ಕಡಿದುಹೋಗುತ್ತವೆ. ನೀವು ನೋಡುತ್ತಿರುವ ನೀರು, ಅಂಟು ಎಲ್ಲ ಅದೇ. ಆಮೇಲೆ ಎಷ್ಟು ಮೈದಾ ಉದುರಿಸಿದರೂ ಅದು ಸರಿಯಾಗುವುದಿಲ್ಲ. ಅಂಥ ಹಿಟ್ಟನ್ನು ತಟ್ಟೆಗೆ ಹರವಿ, ಎಣ್ಣೆ ಸವರಿ, ಚಪ್ಪಟೆ ಬ್ರೆಡ್ ಮಾಡಿಬಿಡಿ.

ಮುಂದಿನ ಸಲ ಯೀಸ್ಟ್ ಅರ್ಧ ಮಾಡಿ, ಫ್ರಿಜ್‌ನ ನೀರಿನಲ್ಲಿ ಕಲಸಿ. ಎರಡು ಗಂಟೆ ಹೊರಗಿಟ್ಟು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ನೀರನ್ನು 270ಕ್ಕೆ ಇಳಿಸಿ, ಯಾಕೆಂದರೆ ನಮ್ಮ ಅಂಗಡಿ ಮೈದಾ ಅಲ್ಲಿನ ಬ್ರೆಡ್ ಹಿಟ್ಟಿನಷ್ಟು ಗಟ್ಟಿಯಲ್ಲ, 300 ತಡೆಯುವುದು ಕಷ್ಟ. ಉಪ್ಪು ಮಾತ್ರ ಕಡಿಮೆ ಮಾಡಬೇಡಿ.

ಕುಮಟಾದಿಂದ:
ಶಿರಸಿಯವರು ಹೇಳಿದ್ದು ಸರಿ. ಆದರೆ ಫ್ರಿಜ್‌ನಲ್ಲಿ ಜಾಗ ಇಲ್ಲದಿದ್ದರೆ ಬೆಳಿಗ್ಗೆ ಕಲಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಹಿಟ್ಟು ತಯಾರಾಗಿರುತ್ತದೆ. ನಾನು ಹಾಗೆಯೇ ಮಾಡುವುದು. ಮೇಲೆಲ್ಲ ಸಣ್ಣ ಗುಳ್ಳೆ ಎದ್ದು, ಪಾತ್ರೆ ಅಲುಗಿಸಿದರೆ ಹಿಟ್ಟು ತುಳುಕಬೇಕು, ನಡುಭಾಗ ಇನ್ನೂ ಉಬ್ಬಿಕೊಂಡೇ ಇರಬೇಕು. ನಡು ಚಪ್ಪಟೆಯಾಗಲು ಶುರುವಾಯಿತು ಅಂದರೆ ಆಗಲೇ ತಡ. ಗಂಟೆ ಎಷ್ಟೇ ಆಗಿರಲಿ, ಆ ಉಬ್ಬು ನೋಡಿಯೇ ಮುಂದಿನ ಕೆಲಸ ಮಾಡಿ.

ಬಟ್ಟೆಗೆ ಮೈದಾ ಬದಲು ಅಕ್ಕಿಹಿಟ್ಟು ಉದುರಿಸಿ, ಅದು ಮೈದಾದಷ್ಟು ಬೇಗ ನೀರು ಹೀರಿ ಅಂಟಾಗುವುದಿಲ್ಲ, ಹಿಟ್ಟು ಸಲೀಸಾಗಿ ಬಿಡುತ್ತದೆ.

ಕಾರವಾರದಿಂದ:
ತುಂಬಾ ಉಪಕಾರ ಆಯಿತು. ಇನ್ನೊಂದು ವಿಷಯ. ನನ್ನದು ಸಣ್ಣ ಓಟಿಜಿ (ಕರೆಂಟಿನ ಓವನ್), 230 ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ. ತಳ ಕರಟುತ್ತದೆ, ಮೇಲೆ ಬಿಳಿಚಿಕೊಂಡೇ ಇರುತ್ತದೆ. ಬಟರ್ ಪೇಪರ್ ಹಾಕಿದರೆ ಹೊಗೆ ಬರುತ್ತದೆ.

ಕುಮಟಾದಿಂದ:
230 ಸಾಕು, ಮೂಲ ರೆಸಿಪಿಯಲ್ಲೂ ಅಷ್ಟೇ ಇರುವುದು. ಖಾಲಿ ಪಾತ್ರೆಯನ್ನು ಮುಚ್ಚಳದ ಸಮೇತ ಅರ್ಧ ಗಂಟೆಯಾದರೂ ಒಳಗಿಟ್ಟು ಕಾಯಿಸಿ. ಹಿಟ್ಟಿನ ಹಬೆಯನ್ನು ಒಳಗೇ ಹಿಡಿದಿಡುವುದಕ್ಕೇ ಆ ಮುಚ್ಚಳ. ಹಬೆ ಇದ್ದಷ್ಟು ಹೊತ್ತು ಮೇಲ್ಪದರ ಒಣಗುವುದಿಲ್ಲ, ಬ್ರೆಡ್ ಮೇಲಕ್ಕೆ ಏಳುತ್ತದೆ. 30 ನಿಮಿಷ ಮುಚ್ಚಿ ಬೇಯಿಸಿ, ಮುಚ್ಚಳ ತೆಗೆದು ಇನ್ನು 15ರಿಂದ 20 ನಿಮಿಷ. ಬಣ್ಣ ಬರುವುದು ಆಗಲೇ, ಬೇಗ ತೆಗೆದರೆ ಬಿಳಿಚಿಕೊಂಡೇ ಇರುತ್ತದೆ. ತಳ ಕರಟದಂತೆ ಪಾತ್ರೆಯ ಕೆಳಗಿನ ಸಾಲಿನಲ್ಲಿ ಒಂದು ಖಾಲಿ ಟ್ರೇ ಇಡಿ, ಕೆಳಗಿನ ರಾಡಿನ ಝಳ ನೇರವಾಗಿ ತಾಗುವುದಿಲ್ಲ. ಮುಚ್ಚಳದ ಹಿಡಿ ಪ್ಲಾಸ್ಟಿಕ್ಕಿನದಾಗಿದ್ದರೆ ಎಷ್ಟು ಬಿಸಿ ತಡೆಯುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಹೊಗೆ ಬರುವುದು ಮೇಣ ಸವರಿದ ಕಾಗದದಿಂದ. ಬಟರ್ ಪೇಪರ್ ಅಂತ ಅಂಗಡಿಯಲ್ಲಿ ಎರಡು ಮೂರು ಥರದ್ದು ಕೊಡುತ್ತಾರೆ. ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಬರೆದಿರುವ ಬೇಕಿಂಗ್ ಪೇಪರನ್ನೇ ಕೇಳಿ ತನ್ನಿ.

ಶಿರಸಿಯಿಂದ:
ಒಳಗೆ ಜಿಗುಟು ಅಂದಿರಲ್ಲ, ಬಿಸಿ ಇರುವಾಗಲೇ ಕೊಯ್ದರೂ ಹಾಗಾಗುತ್ತದೆ. ಜಾಲರಿಯ ಮೇಲಿಟ್ಟು ಪೂರ್ತಿ ಆರಲು ಬಿಡಿ, ಒಂದೆರಡು ಗಂಟೆ ಬೇಕು. ಅಡುಗೆ ಥರ್ಮಾಮೀಟರ್ ಇದ್ದರೆ ಒಲೆಯಿಂದ ತೆಗೆಯುವಾಗಲೇ ನಡುವಿಗೆ ಚುಚ್ಚಿ ನೋಡಿ, 96 ಡಿಗ್ರಿ ದಾಟಿದ್ದರೆ ಬೆಂದಿದೆ. ನಿಮ್ಮ ಕಡಲ ತೇವಕ್ಕೆ ಸಂಜೆಯೊಳಗೆ ಮೇಲ್ಪದರ ಮೆತ್ತಗಾಗುತ್ತದೆ, ಅದು ನಿಮ್ಮ ತಪ್ಪಲ್ಲ. ತಿನ್ನುವ ಮೊದಲು 180 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟರೆ ಮತ್ತೆ ಗರಿಗರಿ.