‘ರಿಲಾಕ್ಸೇಷನ್’ ಅಂದರೆ ವಿಶ್ರಾಂತಿಯೋ, ಸಡಿಲಿಕೆಯೋ? – ಗಾಜಾಗುವ ದ್ರವಗಳ ಪದಗಳು

ನಮಸ್ಕಾರ. ತಣಿದಾಗ ಹರಳಾಗದೆ ಗಾಜಾಗುವ ದ್ರವಗಳ ಬಗೆಗಿನ ಪಾಠವೊಂದನ್ನು ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ‘ರಿಲಾಕ್ಸೇಷನ್ ಟೈಮ್’ಗೆ ಕರಡಿನಲ್ಲಿ ಒಂದು ಕಡೆ ‘ವಿಶ್ರಾಂತಿ ಕಾಲ’, ಇನ್ನೊಂದು ಕಡೆ ‘ಶಿಥಿಲೀಕರಣ ಕಾಲ’ ಎಂದಿದೆ. ಯಾವುದನ್ನು ಉಳಿಸಿಕೊಳ್ಳಬೇಕು? ‘ಫ್ರ್ಯಾಜೈಲ್ ಲಿಕ್ವಿಡ್’ಗೆ ‘ಭಂಗುರ ದ್ರವ’ ಆಗಬಹುದೇ? ತಿಳಿದವರು ಹೇಳಬೇಕು.

*

ಎರಡನ್ನೂ ಬಿಡಿ ಸರ್. ವಿಶ್ರಾಂತಿ ಅಂದರೆ ಚಲನೆ ನಿಂತಿತು ಅನ್ನಿಸುತ್ತದೆ. ಇಲ್ಲಿ ಹೇಳಬೇಕಾದ್ದು ಅದಕ್ಕೆ ತದ್ವಿರುದ್ಧ: ಅಣುಗಳು ಚಲಿಸಿದರೆ ಮಾತ್ರ ರಿಲಾಕ್ಸೇಷನ್ ಆಗುತ್ತದೆ. ಶಿಥಿಲ ಅಂದರೆ ಹಳೆಯ ಗೋಡೆ ನೆನಪಾಗುತ್ತದೆ.

ಚಿಕ್ಕಿಗೆ ಕಾಯಿಸಿದ ಪಾಕವನ್ನು ನೋಡಿ. ತಣಿಯುತ್ತಿರುವ ಪಾಕದ ಮೇಲೆ ಬೆರಳೊತ್ತಿದರೆ ಗುಳಿ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ತುಂಬಿಕೊಳ್ಳುತ್ತದೆ. ಇನ್ನಷ್ಟು ತಣಿದ ಮೇಲೆ ಒತ್ತಿದ ಗುರುತು ಹಾಗೇ ಉಳಿಯುತ್ತದೆ. ಪೂರಾ ತಣಿದರೆ ಗುರುತೂ ಬೀಳದೆ ಟಕ್ಕೆಂದು ಮುರಿಯುತ್ತದೆ. ಹೊರಗಿನಿಂದ ಹೇರಿದ ಬಿಗಿಯನ್ನು ಅಣುಗಳು ಜಾಗ ಬದಲಿಸಿ ಕಳೆದುಕೊಳ್ಳಲು ಹಿಡಿಯುವ ಹೊತ್ತೇ ನಾವು ಹೆಸರಿಡಬೇಕಾದದ್ದು. ಹಾಗಾಗಿ ‘ಸಡಿಲಿಕೆ’, ‘ಸಡಿಲಿಕೆಯ ಕಾಲ’. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1867ರಲ್ಲಿ ಕೊಟ್ಟ ಲೆಕ್ಕಕ್ಕೂ ಇದು ಕೂಡುತ್ತದೆ: ಸ್ನಿಗ್ಧತೆಯನ್ನು (ಹರಿಯಲು ದ್ರವ ಒಡ್ಡುವ ತಡೆ) ದ್ರವದ ಕ್ಷಣಿಕ ಬಿಗುವಿನ ಗುಣಾಂಕದಿಂದ (ತಟ್ಟನೆ ಆಕಾರ ಬದಲಿಸಹೋದರೆ ದ್ರವ ತೋರುವ ಗಡಸುತನದ ಅಳತೆ) ಭಾಗಿಸಿದರೆ ಈ ಕಾಲ ಸಿಗುತ್ತದೆ. ನೀರಿನಂಥ ತೆಳು ದ್ರವದಲ್ಲಿ ಅದು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿನ ಆಸುಪಾಸು. ಸ್ನಿಗ್ಧತೆ 10ರ 12ನೇ ಘಾತ ಪಾಸ್ಕಲ್-ಸೆಕೆಂಡ್ ಮುಟ್ಟಿದಾಗ ಸುಮಾರು 100 ಸೆಕೆಂಡ್. ಗಾಜಾಗುವ ತಾಪ ಎಂದು ರೂಢಿಯಲ್ಲಿ ಕರೆಯುವುದು ಸ್ನಿಗ್ಧತೆ ಅಷ್ಟು ಮುಟ್ಟುವ ತಾಪವನ್ನೇ. ಗ್ಲಿಸರಿನ್‌ಗೆ ಅದು ಸುಮಾರು 190 ಕೆಲ್ವಿನ್.

ಕುದಿಬಿಂದುವಿನ ಮಾದರಿಯಲ್ಲಿ ‘ಗಾಜುಬಿಂದು’ ಅನ್ನಬೇಡಿ. ತಣಿಸುವ ವೇಗ ಹತ್ತು ಪಟ್ಟು ಹೆಚ್ಚಿದರೆ ಈ ತಾಪವೇ ಕೆಲವು ಕೆಲ್ವಿನ್ ಮೇಲೇರುತ್ತದೆ. ಬಿಂದುವಿಗೆ ಆ ಚಂಚಲತೆ ಇರಬಾರದು. ‘ಹೆಪ್ಪುಗಟ್ಟು’ ಕೂಡ ಬೇಡ, ಅದು ಹರಳಾಗುವುದಕ್ಕೆ ಮೀಸಲಿರಲಿ. ‘ಗಾಜುಗಟ್ಟು’ ಚೆನ್ನಾಗಿದೆ.

‘ಭಂಗುರ’ ಖಂಡಿತ ತಪ್ಪು ದಾರಿ ಹಿಡಿಸುತ್ತದೆ. ಈ ಪದ ಬಳಕೆಗೆ ತಂದ ರಸಾಯನವಿಜ್ಞಾನಿ ಏಂಜೆಲ್ ‘ಫ್ರ್ಯಾಜೈಲ್’ ಅಂದದ್ದು ಒಡೆಯುವುದರ ಬಗ್ಗೆ ಅಲ್ಲ. ಸಿಲಿಕಾ ಗಾಜು ಬಿದ್ದರೆ ಒಡೆಯುತ್ತದೆ, ಆದರೂ ಅವರ ವಿಂಗಡಣೆಯಲ್ಲಿ ಕರಗಿದ ಸಿಲಿಕಾ ದೃಢ (‘ಸ್ಟ್ರಾಂಗ್’) ದ್ರವ! ತಾಪ ಏರಿದಾಗ ದ್ರವದ ಒಳರಚನೆ ಎಷ್ಟು ಬೇಗ ಸೋಲುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. ಗಾಜಾಗುವ ತಾಪದಿಂದ ಶೇಕಡಾ 1ರಷ್ಟು ಮೇಲೆ ಹೋದರೆ ಸಿಲಿಕಾದ ಸ್ನಿಗ್ಧತೆ ಒಂದೂವರೆ ಪಟ್ಟು ಇಳಿಯುತ್ತದೆ. ಆರ್ಥೋ-ಟರ್ಫೆನೈಲ್ ಎಂಬ ಸಾವಯವ ದ್ರವದ್ದು ಸುಮಾರು ಆರು ಪಟ್ಟು. ‘ನಾಜೂಕು ದ್ರವ’ ಎಂದರೆ ಈ ಅರ್ಥ ಹತ್ತಿರ ಬರುತ್ತದೆ. ಮೊದಲ ಸಲ ಬಳಸುವಲ್ಲಿ ‘ತಾಪಕ್ಕೆ ನಾಜೂಕು’ ಎಂದೇ ಬಿಡಿಸಿ ಬರೆಯಿರಿ.

*

‘ನಾಜೂಕು’ ಒಪ್ಪಿದೆ. ‘ಸಡಿಲಿಕೆ’ಗೆ ಒಂದು ತಕರಾರು: ವಿದ್ಯುತ್ ಕ್ಷೇತ್ರ ತೆಗೆದಾಗ ಅಣುಗಳ ದಿಕ್ಕು ಚದುರುವುದನ್ನೂ ರಿಲಾಕ್ಸೇಷನ್ ಅನ್ನುತ್ತೇವೆ. ಅಲ್ಲಿ ಯಾರೂ ಒತ್ತಿಲ್ಲ. ಆದರೂ ಹಿಡಿತ ಬಿಟ್ಟಾಗ ಹಳೆಯ ಜೋಡಣೆ ಮರೆಯುವುದು ಎಂಬ ಅರ್ಥದಲ್ಲಿ ಈ ಪದ ನಡೆಯುತ್ತದೆ. ಪಾಠದ ಆರಂಭದಲ್ಲೇ ಎರಡೂ ಉದಾಹರಣೆ ಕೊಡಿ.

ಇನ್ನೊಂದು ಎಚ್ಚರ. ಪತ್ರಿಕೆಗಳಲ್ಲಿ ‘ನಿಯಮ ಸಡಿಲಿಕೆ’ ಓದಿ ರೂಢಿಯಾದ ಮಕ್ಕಳು ‘ತಣಿದಂತೆ ಸಡಿಲಿಕೆ ಕಡಿಮೆಯಾಗುತ್ತದೆ’ ಎಂದು ಬರೆಯುತ್ತಾರೆ. ಸಡಿಲುವ ಪ್ರಮಾಣ ಬೇರೆ, ವೇಗ ಬೇರೆ. ಗಾಜಾಗುವ ತಾಪಕ್ಕಿಂತ ತುಸು ಮೇಲೂ ಬಿಗಿಯೆಲ್ಲ ಕೊನೆಗೆ ಕಳೆಯುತ್ತದೆ, ಹೊತ್ತು ಹೆಚ್ಚು ಬೇಕು ಅಷ್ಟೇ. ಆದ್ದರಿಂದ ‘ಸಡಿಲಿಕೆ ನಿಧಾನವಾಗುತ್ತದೆ’ ಅಥವಾ ‘ಸಡಿಲಿಕೆಯ ಕಾಲ ಹಿಗ್ಗುತ್ತದೆ’ ಎಂದೇ ಎಲ್ಲ ಕಡೆ ತಿದ್ದಿ.